ದೇಚವ್ವನ ಜೋಡುನಳಿಗೆ

ನಾನು ಒಂದು ಕೋವಿ. ಎರಡು ನಳಿಗೆಯದು. ಉಕ್ಕಿನ ಎರಡು ಕೊಳವೆಗಳನ್ನು ಅಕ್ಕಪಕ್ಕ ಬೆಸೆದು, ಅಕ್ರೋಟದ ಮರದ ಹಿಡಿ ಕೂಡಿಸಿ, ಕಡಲಾಚೆಯ ಹೊಗೆ ಕವಿದ ಒಂದು ಊರಿನಲ್ಲಿ ನನ್ನನ್ನು ಮಾಡಿದರು. ಮಾಡಿದವರ ಮುಖಗಳು ನೆನಪಿಲ್ಲ, ಕೈಗಳು ನೆನಪಿವೆ. ಒಬ್ಬ ಅರ ಹಾಕಿ ಉಜ್ಜುತ್ತಿದ್ದ. ಇನ್ನೊಬ್ಬ ಎಣ್ಣೆ ಹಚ್ಚುತ್ತಿದ್ದ. ಕೊನೆಯವನು ನನ್ನ ನಳಿಗೆಗೆ ಒಂದು ಕಣ್ಣಿಟ್ಟು, ಕಿಟಕಿಯ ಬೆಳಕಿನ ಕಡೆ ತಿರುಗಿಸಿ ನೋಡಿ, ಸರಿ ಎಂದು ತಲೆಯಾಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ.

ಪೆಟ್ಟಿಗೆ ಮತ್ತೆ ತೆರೆದದ್ದು ಕೊಡಗಿನ ಒಂದು ಕಾಫಿ ತೋಟದ ಬಂಗಲೆಯಲ್ಲಿ. ನನ್ನ ಮೊದಲ ಯಜಮಾನ ಒಬ್ಬ ದೊರೆ. ಗದ್ದೆ ಬಯಲಿಗೆ ಇಳಿಯುವ ಬಾತುಗಳನ್ನು ಬಿಟ್ಟು ಬೇರೇನನ್ನೂ ಅವನು ಹೊಡೆದವನಲ್ಲ. ಒಂದು ವರ್ಷ ತೋಟದ ಹತ್ತಿರ ಚಿರತೆ ಸುಳಿದಾಡಿತೆಂದು, ದೊರೆಸಾನಿಯೂ ಕೋವಿ ಹಿಡಿಯಲು ಕಲಿಯಲಿ ಎಂದು ಅವನಿಗೆ ತೋರಿತು. ಅವಳ ತೋಳು ಚಿಕ್ಕದು. ಬಡಗಿಯನ್ನು ಕರೆಸಿ ನನ್ನ ಹಿಡಿಯನ್ನು ಒಂದಿಷ್ಟು ಕೊಯ್ಯಿಸಿದ. ದೊರೆಸಾನಿ ಒಮ್ಮೆಯೂ ಗುಂಡು ಹಾರಿಸಲಿಲ್ಲ. ದೊರೆ ಕ್ಲಬ್ಬಿಗೆ ಹೋದ ಸಂಜೆಗಳಲ್ಲಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಅವಳು ಚಿರತೆಗೆ ಹೆದರಿದ್ದಳೆಂದು ನನಗೆ ಅನ್ನಿಸಲಿಲ್ಲ. ಸುಮ್ಮನೆ ಕೂರಲು ಒಂದು ನೆಪ ಬೇಕಾಗಿತ್ತು, ಅಷ್ಟೆ. ಕೆಲವು ವರ್ಷಗಳ ನಂತರ ಅವರು ಬಂಗಲೆ ಮಾರಿ ಹಡಗು ಹತ್ತಿದರು. ನಾನು ಮೈಸೂರಿನ ಒಂದು ಕೋವಿ ಅಂಗಡಿಗೆ ಬಂದೆ.

ಅಂಗಡಿಯ ಯಜಮಾನ ಗೌಸ್ ಸಾಹೇಬರು. ಬಿಳಿ ಗಡ್ಡದ ಮೆತ್ತಗಿನ ಮನುಷ್ಯ. ಬಂದ ಗಂಡಸರೆಲ್ಲ ನನ್ನನ್ನು ಎತ್ತಿ ಹೆಗಲಿಗೆ ಇಟ್ಟು ನೋಡುವರು. ಮೊಣಕೈ ಇಕ್ಕಟ್ಟಾಗಿ, ಮೂಗು ಹೆಬ್ಬೆರಳಿಗೆ ತಾಗುವುದು. ‘ಇದು ತೊಟ್ಟಿಲಲ್ಲಿ ಮಲಗೋ ಮಗುವಿಗೆ ಮಾಡಿದ್ದಾ ಸಾಹೇಬ್ರೇ?’ ಎಂದು ನಕ್ಕು ಕೆಳಗಿಡುವರು. ಸಾಹೇಬರೂ ಅವರ ಜೊತೆ ನಗುವರು, ಆಮೇಲೆ ನನ್ನ ಮೇಲಿನ ಬೆರಳ ಗುರುತನ್ನು ಬಟ್ಟೆಯಿಂದ ಒರೆಸುವರು. ಹೀಗೆ ಬಹಳ ಕಾಲ ಕಳೆಯಿತು.

ದೇಚವ್ವ ಬಂದದ್ದು ಒಂದು ಮಳೆಗಾಲದ ನಡುವೆ. ಕೊಡವರ ಹೆಂಗಸು, ನೆರಿಗೆಯನ್ನು ಹಿಂದಕ್ಕಿಟ್ಟು ಉಟ್ಟ ಸೀರೆ, ಮೂವತ್ತರ ಆಚೀಚೆ. ಜೊತೆಗೆ ಅವಳ ಗಂಡನ ಅಣ್ಣ ಬೆಳ್ಯಪ್ಪ. ಅವರ ಮಾತಿನಿಂದಲೇ ಸಂಗತಿ ತಿಳಿಯಿತು. ದೇಚವ್ವನ ಗಂಡ ಉತ್ತಯ್ಯ ಹಿಂದಿನ ವರ್ಷ ಜ್ವರದಲ್ಲಿ ತೀರಿಹೋಗಿದ್ದ. ಘಟ್ಟದ ಅಂಚಿನ ಏಲಕ್ಕಿ ಮಲೆಯನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಏಲಕ್ಕಿ ಕೊಯ್ಲು ಎಂದರೆ ಮಳೆಗಾಲದ ಕೊನೆಯಿಂದ ಚಳಿ ಬರುವವರೆಗೆ ಕಾಡಿನೊಳಗೇ ಗುಡಿಸಲು ಹಾಕಿ ಇರಬೇಕು. ಅವಳು ತವರಿಗೆ ಹೋಗುತ್ತಾಳೆ, ಇಲ್ಲವೆ ಮನೆಯಲ್ಲಿ ಒಲೆ ನೋಡಿಕೊಂಡಿರುತ್ತಾಳೆ, ಮಲೆ ತನಗೆ ಬರುತ್ತದೆ ಎಂದು ಬೆಳ್ಯಪ್ಪ ಎಣಿಸಿದ್ದ. ಅವಳು ತಾನೇ ಮಲೆ ಹತ್ತುತ್ತೇನೆ ಎಂದಳು. ಮನೆತನದ ಹಿರಿಯ, ಅವರು ಪಟ್ಟೆದಾರ ಎಂದು ಕರೆಯುವ ಅಯ್ಯಣ್ಣ, ಎರಡೂ ಕಡೆ ಕೇಳಿ ಒಂದು ಮಾತು ಹೇಳಿದ್ದರು. ಈ ಒಂದು ಕೊಯ್ಲು ದೇಚವ್ವ ನೋಡಲಿ. ಕೊನೆಯ ಕಾಯಿ ಒಣಗುವವರೆಗೆ ಕೆಳಗಿಳಿಯದೆ ನಿಂತರೆ ಮಲೆ ಅವಳ ಕೈಯಲ್ಲೇ ಇರಲಿ. ನಡುವೆ ಇಳಿದು ಬಂದರೆ ಬೆಳ್ಯಪ್ಪನದು.

ಉತ್ತಯ್ಯನ ಹಳೆಯ ಕೇಪಿನ ಕೋವಿ ತುಕ್ಕು ಹಿಡಿದಿತ್ತು. ಹೊಸದು ಬೇಕಿತ್ತು. ಕೊಳ್ಳುವವಳು ದೇಚವ್ವನೇ ಆದರೂ ಮಾತಾಡುತ್ತಿದ್ದವನು ಬೆಳ್ಯಪ್ಪ. ಅವನು ಒಂದು ಉದ್ದನೆಯ ರೈಫಲ್ ಕೈಗೆತ್ತಿಕೊಂಡು, ಆನೆಯ ಹಣೆಗೆ ಒಂದೇ ಗುಂಡು ಸಾಕು, ಗುಡ್ಡದ ಈ ತುದಿಯಿಂದ ಆ ತುದಿಗೆ ಹೊಡೆಯಬಹುದು ಎಂದು ವಿವರಿಸಿದ. ದೇಚವ್ವ ಅದನ್ನು ಎತ್ತಿ ನೋಡಿದಳು. ಎತ್ತುವುದರಲ್ಲೇ ಅವಳ ಮಣಿಕಟ್ಟಿನ ನರ ಉಬ್ಬಿತು.

‘ನಮ್ಮ ಮಲೆಯಲ್ಲಿ ನಾಲ್ಕು ಮಾರು ಆಚೆ ಕಾಣೋದಿಲ್ಲ ಭಾವ’ ಎಂದಳು. ‘ಆ ತುದಿಗೆ ಹೊಡೆದು ನಾನೇನು ಮಾಡಲಿ?’

ಸಾಹೇಬರು ಆಗ ಮೊದಲ ಬಾರಿಗೆ ಬೆಳ್ಯಪ್ಪನನ್ನು ಬಿಟ್ಟು ಅವಳ ಕಡೆ ತಿರುಗಿದರು. ಅವಳು ಒಂದೊಂದಾಗಿ ಕೇಳಿದಳು. ಮಳೆಯಲ್ಲಿ ನೆಂದರೆ ಹೊತ್ತುತ್ತದೆಯೆ? ತೋಟಾ ನಮ್ಮ ಪೇಟೆಯಲ್ಲೇ ಸಿಗುತ್ತದೆಯೆ, ಅಥವಾ ಪ್ರತಿಸಲ ಮೈಸೂರಿಗೆ ಬರಬೇಕೆ? ಗುಡಿಸಲಿನಲ್ಲಿ ನಾಲ್ಕು ಜನ ಓಡಾಡುತ್ತಾರೆ, ಒಳಗೆ ತೋಟಾ ಇದೆಯೋ ಇಲ್ಲವೋ ಎಂದು ನೋಡಿದ ಕೂಡಲೆ ತಿಳಿಯಬೇಕು, ಅಂಥದ್ದು ಯಾವುದು? ಸಾರಿಗೆ ಕಾಡುಕೋಳಿ ಹೊಡೆಯುವುದಕ್ಕೂ ಆನೆ ಬಂದರೆ ಬೆದರಿಸುವುದಕ್ಕೂ ಎರಡೆರಡು ಕೋವಿ ಹೊತ್ತು ನಡೆಯಲು ನನ್ನಿಂದ ಆಗದು, ಒಂದರಲ್ಲೇ ಎರಡೂ ಆಗುತ್ತದೆಯೆ?

ಸಾಹೇಬರು ನನ್ನನ್ನು ಕೆಳಗಿಳಿಸಿ ನಡು ಮುರಿದು ತೋರಿಸಿದರು. ನನ್ನನ್ನು ಮಧ್ಯದಲ್ಲಿ ಬಾಗಿಸಿದರೆ ಎರಡು ನಳಿಗೆಗಳೂ ತೆರೆದುಕೊಳ್ಳುತ್ತವೆ, ಒಳಗೆ ಏನಿದೆಯೆಂದು ಕುರುಡನ ಬೆರಳಿಗೂ ಗೊತ್ತಾಗುತ್ತದೆ. ಬಲ ನಳಿಗೆಗೆ ಚರೆಯ ತೋಟಾ ಹಾಕಿ, ಎಡಕ್ಕೆ ದೊಡ್ಡ ಗುಂಡಿನದು ಹಾಕಿ, ಒಂದೊಂದಕ್ಕೆ ಒಂದೊಂದು ಕುದುರೆ, ಬೇಕಾದ್ದನ್ನು ಎಳೆಯಿರಿ ಎಂದರು. ದೇಚವ್ವ ಕಣ್ಣು ಮುಚ್ಚಿ ನನ್ನನ್ನು ಹೆಗಲಿಗೆ ಎತ್ತಿದಳು. ಕಣ್ಣು ತೆರೆದಾಗ ಅವಳ ನೋಟ ನೇರವಾಗಿ ನನ್ನ ತುದಿಯ ಮಣಿಯ ಮೇಲಿತ್ತು. ಅವಳ ಕೆನ್ನೆ ನನ್ನ ಹಿಡಿಗೆ ಸರಿಯಾಗಿ ಕೂತಿತು. ಅಷ್ಟು ಜನ ಗಂಡಸರಿಗೆ ಗಿಡ್ಡವಾಗಿದ್ದ ನಾನು ಅವಳಿಗೆ ಹೇಳಿ ಮಾಡಿಸಿದ ಹಾಗಿದ್ದೆ.

ಬೆಳ್ಯಪ್ಪ, ಇದು ಬಾತು ಹೊಡೆಯುವ ಆಟಿಕೆ, ಆನೆ ನೋಡಿದರೆ ನಗುತ್ತದೆ ಎಂದ.

‘ನಗಲಿ. ನಕ್ಕು ಹೋದರೆ ಸಾಕು’ ಎಂದಳು ದೇಚವ್ವ.

ಆ ವರ್ಷದ ಕೈಲ್‌ಪೊದು ಬಂತು. ಕೊಡಗಿನಲ್ಲಿ ಅದು ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ನಡುಮನೆಯ ತೂಗುದೀಪದ ಕೆಳಗೆ ಮನೆಯ ಕೋವಿ, ಕತ್ತಿಗಳನ್ನೆಲ್ಲ ಜೋಡಿಸಿ, ನಳಿಗೆಗಳಿಗೆ ಬೆಂಕಿಬಣ್ಣದ ಕೋವಿಹೂ ಸಿಕ್ಕಿಸುತ್ತಾರೆ. ಪೂಜೆಯಾದ ಮೇಲೆ ಹಿರಿಯರು ಒಂದೊಂದು ಕೋವಿಯನ್ನು ಎತ್ತಿ ಆಯಾ ಗಂಡಸಿನ ಕೈಗೆ ಕೊಡುವುದು ಪದ್ಧತಿ. ಅಯ್ಯಣ್ಣ ನನ್ನನ್ನು ಎತ್ತಿ ಒಂದು ಗಳಿಗೆ ಹಿಡಿದುಕೊಂಡು ನಿಂತರು. ಉತ್ತಯ್ಯನಿಗೆ ಗಂಡುಮಕ್ಕಳಿರಲಿಲ್ಲ. ಹಾಲುಹಲ್ಲು ಬೀಳುತ್ತಿದ್ದ ಬೊಳ್ಳು ಒಬ್ಬಳೇ ಮಗಳು. ಯಾರ ಹೆಸರು ಕರೆಯಬೇಕೆಂದು ತೋಚದೆ ಅವರು ನನ್ನನ್ನು ಮತ್ತೆ ದೀಪದ ಕೆಳಗೇ ಇಟ್ಟರು. ಎಲ್ಲರೂ ಊಟಕ್ಕೆ ಎದ್ದ ಮೇಲೆ ದೇಚವ್ವ ಬಂದು ನನ್ನನ್ನು ತಾನೇ ಎತ್ತಿಕೊಂಡಳು. ಅಯ್ಯಣ್ಣ ಕಂಡೂ ಕಾಣದವರಂತೆ ಕೈ ತೊಳೆಯಲು ಹೋದರು.

ಬೊಳ್ಳುವನ್ನು ಅಜ್ಜಿಯ ಬಳಿ ಬಿಟ್ಟು ದೇಚವ್ವ ಮಲೆ ಹತ್ತಿದಳು. ಮಗು ಬಾಗಿಲ ಹಿಂದೆ ಅಡಗಿ ಕೂತಿತ್ತು, ಬೀಳ್ಕೊಡಲು ಬರಲಿಲ್ಲ.

ಮಲೆ ಎಂದರೆ ಆಕಾಶ ಕಾಣದ ಜಾಗ. ದೊಡ್ಡ ಮರಗಳ ನೆರಳಲ್ಲಿ ಆಳೆತ್ತರದ ಏಲಕ್ಕಿ ಗಿಡಗಳು, ಕಾಯಿ ಮಾತ್ರ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡ ಗೊನೆಗಳಲ್ಲಿ. ಕೊಯ್ಯುವವರು ದಿನವಿಡೀ ಕುಕ್ಕರುಗಾಲಿನಲ್ಲೇ ಸರಿಯಬೇಕು. ಮೈತುಂಬ ಜಿಗಣೆ. ಕೆಲಸಕ್ಕೆ ಬಂದವರು ಯರವ ಬುಡಕಟ್ಟಿನ ಕೆಲವು ಹೆಂಗಸರು, ಅವರಲ್ಲಿ ಹಿರಿಯಳು ಚೋಮಿ, ಅವಳ ಗಂಡ ಕರಿಯ. ಚೋಮಿಯ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಜಿಗಣೆ ಕಿತ್ತು ಎಸೆಯುವಾಗ ಅದಕ್ಕೂ ಒಂದು ಬೈಗುಳ, ಊರಿನ ಯಾರದಾದರೂ ಹೆಸರಿಟ್ಟು.

ಗುಡಿಸಲಿನ ಕಂಬಕ್ಕೆ ಒರಗಿ ನಾನು ನಿಂತಿರುತ್ತಿದ್ದೆ. ಸಂಜೆ ದೇಚವ್ವ ನನ್ನನ್ನು ತೆಗೆದುಕೊಂಡು ಒಂದು ಸುತ್ತು ಹೋಗಿ ಬರುವಳು. ಆ ದಿನಗಳಲ್ಲಿ ಬೇಟೆಗೆ ಅಡ್ಡಿಯಿರಲಿಲ್ಲ. ಮೊದಲ ಕಾಡುಕೋಳಿ ತಪ್ಪಿತು. ಎರಡನೆಯದು ಬಿತ್ತು. ಅದನ್ನು ಎತ್ತಿಕೊಂಡಾಗ ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ, ದುಃಖವೂ ಕಾಣಲಿಲ್ಲ. ಸಂತೆಯಲ್ಲಿ ತರಕಾರಿಯ ತೂಕ ನೋಡುವಂತೆ ಕೈಯಲ್ಲಿ ತೂಗಿ ನೋಡಿದಳು. ಏಲಕ್ಕಿಗೆ ಬರುತ್ತಿದ್ದ ಒಂದು ಹಂದಿಯನ್ನೂ ಹೊಡೆದಳು. ಅದರ ಮಾಂಸ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗುತ್ತಿತ್ತು. ಆನೆಯ ಲದ್ದಿ ಆಗಾಗ ದಾರಿಯಲ್ಲಿ ಸಿಗುತ್ತಿತ್ತು, ಆನೆ ಮಾತ್ರ ಎದುರಾಗಿರಲಿಲ್ಲ.

ಕೊಯ್ಲು ಮುಕ್ಕಾಲು ಮುಗಿದಿತ್ತು. ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ. ಕೆಲಸದವರು ಕೆಳಗಿನ ಹಳ್ಳದ ಕಡೆ ಹೋಗಿದ್ದರು. ದೇಚವ್ವ ಒಬ್ಬಳೇ ಅಂಗಳದಲ್ಲಿ ಚಾಪೆ ಹಾಸಿ ಕಾಯಿ ಹರವುತ್ತಿದ್ದಳು. ಗುಡಿಸಲಿನ ಬದಿಯ ಅಡುಗೆ ಚಪ್ಪರ ಲಟಲಟ ಎಂದಿತು. ಒಂಟಿ ಸಲಗ. ಉಪ್ಪಿನ ವಾಸನೆಗೆ ಬಂದಿರಬೇಕು. ಸೊಂಡಿಲಿನಿಂದ ಅಕ್ಕಿ ಮೂಟೆ ಎಳೆದು, ಒಂದು ಕಾಲಿನಿಂದ ಅನ್ನದ ಪಾತ್ರೆಯನ್ನು ತಟ್ಟೆಯ ಹಾಗೆ ಚಪ್ಪಟೆ ಮಾಡಿತು.

ದೇಚವ್ವ ಹಿಂದಕ್ಕೆ ಸರಿದು ಗುಡಿಸಲು ಹೊಕ್ಕು ನನ್ನನ್ನು ಹಿಡಿದುಕೊಂಡು ಬಂದಳು. ಅವಳ ಕೈ ಗಟ್ಟಿಯಾಗಿತ್ತು. ಬಲ ನಳಿಗೆಯನ್ನು ಆಕಾಶಕ್ಕೆ ಹಾರಿಸಿದಳು. ಸಲಗ ಕಿವಿ ಅಗಲಿಸಿ ಅವಳ ಕಡೆ ತಿರುಗಿತು, ಒಂದು ಹೆಜ್ಜೆ ಮುಂದೆ ಇಟ್ಟಿತು. ಅವಳು ಕಾಯಲಿಲ್ಲ. ಎಡ ನಳಿಗೆಯನ್ನು ಅದರ ಮುಂದಿನ ನೆಲಕ್ಕೆ ಹಾರಿಸಿದಳು. ಮಣ್ಣು ಅದರ ಮುಖಕ್ಕೆ ಎರಚಿತು. ಸಲಗ ಸುತ್ತು ಹೊಡೆದು ಬಿದಿರು ಮುರಿಯುತ್ತ ಕಣಿವೆಗೆ ಇಳಿದುಹೋಯಿತು.

ನನ್ನ ಎರಡು ಸದ್ದುಗಳು ಒಂದರ ಹಿಂದೆ ಒಂದು ಗುಡ್ಡದಿಂದ ಗುಡ್ಡಕ್ಕೆ ಹೋಗಿ ಊರಿನ ಕಡೆ ಉರುಳಿದವು. ಅದನ್ನು ಕೇಳುತ್ತ ನಿಂತಿದ್ದ ದೇಚವ್ವ ಇದ್ದಕ್ಕಿದ್ದಂತೆ ಬಾಯಿಗೆ ಕೈ ಹಿಡಿದಳು. ಆನೆಗಾಗಿ ಅಲ್ಲ.

ಕೊಡವರಲ್ಲಿ ಕೋವಿಯ ಸದ್ದಿಗೆ ಅರ್ಥವಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು, ಒಂದರ ಹಿಂದೆ ಒಂದು, ತಡೆಯಿಲ್ಲದೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಯ ಕಡೆ ಹೊರಡಬೇಕು. ಆ ಮಲೆಯಲ್ಲಿ ಆಗ ಇದ್ದ ಕೋವಿ ನಾನೊಂದೇ. ಮನೆತನದ ಜೀವ ಅವಳೊಬ್ಬಳೇ.

ಹಳ್ಳದಿಂದ ಓಡಿಬಂದ ಚೋಮಿ ಮುರಿದ ಚಪ್ಪರ ನೋಡಿದಳು, ನಿಂತಿದ್ದ ದೇಚವ್ವನನ್ನು ನೋಡಿದಳು.

‘ಅಕ್ಕ, ಊರಿನವರ ಪಾಲಿಗೆ ನೀವು ಹೋದಿರಿ’ ಎಂದಳು.

‘ಇನ್ನೊಂದು ಹೊಡೆದು ತಿಳಿಸಲಾ?’

‘ಒಂದು ಹೊಡೆದರೆ ಗಂಡು ಹುಟ್ಟಿತು ಅಂತಾರೆ. ಗಂಡ ಸತ್ತು ವರ್ಷ ದಾಟಿದ ಮೇಲೆ ಗಂಡು ಮಗು! ಅದಕ್ಕಿಂತ ಸತ್ತಿರೋದೇ ಮರ್ಯಾದೆ.’

ದೇಚವ್ವ ತಾನೇ ಓಡಿಹೋಗಿ ಹೇಳಬಹುದಿತ್ತು. ಆದರೆ ಇಳಿದರೆ ಮಲೆ ಹೋಯಿತು. ಕರಿಯನನ್ನು ಕಳಿಸಿದಳು. ಅವನು ಗಾಡಿದಾರಿ ಹಿಡಿದ. ಊರಿನವರು ಕಡಿದಾದ ಕಾಲುದಾರಿಯಲ್ಲಿ ಹತ್ತುತ್ತಿದ್ದರು. ಹಾಗಾಗಿ ಅವನು ಮುಟ್ಟಿದಾಗ ಅಲ್ಲಿ ಅಳುವ ಹೆಂಗಸರು ಮಾತ್ರ ಇದ್ದರಂತೆ.

ಅವರು ಬರುವವರೆಗಿನ ಹೊತ್ತನ್ನು ನಾನು ಮರೆತಿಲ್ಲ. ದೇಚವ್ವ ಚಾಪೆಯ ಮೇಲೆ ಚೆಲ್ಲಾಪಿಲ್ಲಿಯಾದ ಕಾಯಿಗಳನ್ನು ಮತ್ತೆ ಹರವಿದಳು. ಕೂದಲು ಬಿಚ್ಚಿ ಬಾಚಿಕೊಂಡಳು. ಗುಡಿಸಲಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, ಯಾವುದೋ ಹಳೆಯ ಮದುವೆಯ ಹಾಡನ್ನು ಮೂಗಿನಲ್ಲೇ ಗುನುಗಿದಳು. ಅವಳು ಹಾಡುವುದನ್ನು ಅದುವರೆಗೆ ನಾನು ಕೇಳಿರಲಿಲ್ಲ. ಚೋಮಿ ಅವಳನ್ನು ಓರೆಗಣ್ಣಿನಿಂದ ನೋಡಿದಳು.

‘ಈಗ ಯಾರೂ ನನ್ನನ್ನ ಏನೂ ಕೇಳೋ ಹಾಗಿಲ್ಲ ಅಲ್ವಾ ಚೋಮಿ’ ಎಂದಳು ದೇಚವ್ವ. ‘ಮದುವೆ ಆದ ಮೇಲೆ ಇಷ್ಟು ಹಗುರ ಆಗಿರಲಿಲ್ಲ ನೋಡು.’

ಚೋಮಿ ಮುರಿದ ಚಪ್ಪರದ ಗಳಗಳನ್ನು ಆಯ್ದು ಒಂದು ಕಡೆ ಒಟ್ಟತೊಡಗಿದಳು.

ಬಿಸಿಲು ಮರದ ಸಂದಿನಿಂದ ಅಂಗಳಕ್ಕೆ ಬೀಳುವ ವೇಳೆಗೆ ಕಾಲುದಾರಿಯಲ್ಲಿ ಜನ ಕಾಣಿಸಿದರು. ಎಲ್ಲರಿಗಿಂತ ಮುಂದೆ ಅಯ್ಯಣ್ಣ. ಮಂಡಿನೋವಿನ ಆ ಮುದುಕ ಯಾರ ಮಾತೂ ಕೇಳದೆ ಬಂದಿದ್ದರು, ಅದೂ ಬೊಳ್ಳುವನ್ನು ಹೆಗಲ ಮೇಲೆ ಹೊತ್ತು. ತಾಯಿಯ ಮುಖವನ್ನು ಕೊನೆಯ ಬಾರಿ ತೋರಿಸಬೇಕಲ್ಲ. ಹಿಂದೆ ಇಬ್ಬರು ನೆಂಟರು, ಅವರ ಕೈಯಲ್ಲಿ ಬಿಳಿ ಬಟ್ಟೆಯ ಗಂಟು, ಬಿದಿರು. ಕೊನೆಯಲ್ಲಿ ಬೆಳ್ಯಪ್ಪ, ಅವನ ಹಿಂದೆ ತಲೆಯ ಮೇಲೆ ಹೊರೆ ಹೊತ್ತ ಒಬ್ಬ ಅಪರಿಚಿತ.

ದೇಚವ್ವ ಎದ್ದು ನಿಂತಳು.

‘ಯಾರು ಹೋದದ್ದು ದೇಚಿ?’ ಅಯ್ಯಣ್ಣ ಕೇಳಿದರು.

‘ಯಾರೂ ಇಲ್ಲ ಮಾವ. ಆನೆ ಬಂದಿತ್ತು.’

‘ಎರಡು ಹೊಡೆದೆಯಲ್ಲ.’

‘ಒಂದಕ್ಕೆ ಹೋಗಲಿಲ್ಲ.’

ಅಯ್ಯಣ್ಣ ಮಗುವನ್ನು ಇಳಿಸಿ, ಒಂದು ಕಲ್ಲಿನ ಮೇಲೆ ಕೂತು, ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ದೇಚವ್ವ ಕೈ ಚಾಚಿದಳು. ಬೊಳ್ಳು ಹೋಗಲಿಲ್ಲ. ಮುದುಕನ ಮಂಡಿ ಹಿಡಿದು ನಿಂತು, ಮೋಸ ಹೋದವಳ ಹಾಗೆ ಅವರನ್ನೇ ಕೇಳಿದಳು, ‘ಅವ್ವ ಸತ್ತಿದ್ದಾಳೆ ಅಂದಿರಲ್ಲ?’

ದೇಚವ್ವನ ಚಾಚಿದ ಕೈ ಹಾಗೇ ನಿಂತಿತು. ಅವಳ ಹಗುರವೆಲ್ಲ ಅಲ್ಲಿಗೆ ಮುಗಿಯಿತು.

ಬೆಳ್ಯಪ್ಪ ಮುಂದೆ ಬಂದ. ‘ಸಾಕು ಇನ್ನು. ಇವತ್ತು ದೇವರು ಕಾಪಾಡಿದ. ನಾಳೆ ನಿಜವಾಗಿ ಎರಡು ಹೊಡೆಯೋ ಹಾಗೆ ಆಗೋದು ಬೇಡ. ಮಗೂನ ಮುಖ ನೋಡು. ಈಗಲೇ ಹೊರಡು, ಮಲೆಯಲ್ಲಿ ಇವನು ಇರ್ತಾನೆ’ ಎಂದು ಹೊರೆಯವನನ್ನು ತೋರಿಸಿದ.

ಅಲ್ಲಿಯವರೆಗೆ ಆ ಅಪರಿಚಿತನನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಅಯ್ಯಣ್ಣ ಈಗ ನೋಡಿದರು. ಸುರುಳಿ ಸುತ್ತಿದ ಹಾಸಿಗೆ, ಅಕ್ಕಿಯ ಚೀಲ, ಅದರ ಮೇಲೆ ಮಗುಚಿ ಕಟ್ಟಿದ ಒಂದು ಹೊಸ ಅನ್ನದ ಪಾತ್ರೆ. ಸಾವಾದ ಕಡೆ ಆ ದಿನ ಒಲೆ ಹೊತ್ತಿಸುವುದಿಲ್ಲ. ಹೆಣ ಏಳುವವರೆಗೆ ಹತ್ತಿರದವರು ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ.

‘ಇದನ್ನೆಲ್ಲ ಯಾವಾಗ ಕಟ್ಟಿದೆ ಬೆಳ್ಯಪ್ಪ?’

‘ಹೊರಡುವಾಗಲೇ ದೊಡ್ಡಪ್ಪ. ಒಣಗಿದ ಕಾಯಿ ಬಿಟ್ಟು ಹೋದರೆ ಮಂಗ ತಿಂದು ಹಾಕ್ತವೆ. ಯಾರಾದರೂ ನೋಡಬೇಕಲ್ಲ.’

‘ಎರಡು ಗುಂಡು ಕೇಳಿದವನು ಬಿಳಿ ಬಟ್ಟೆ ಹುಡುಕ್ತಾನೆ’ ಎಂದರು ಅಯ್ಯಣ್ಣ. ‘ನೀನು ಪಾತ್ರೆ ಹುಡುಕಿದೆ.’

ನೆಂಟರಿಬ್ಬರೂ ನೆಲ ನೋಡಿದರು. ಬೆಳ್ಯಪ್ಪ ಕೆಟ್ಟವನೆಂದು ನಾನು ಹೇಳಲಾರೆ. ದಾರಿಯುದ್ದಕ್ಕೂ ಅತ್ತಿದ್ದನೆಂದು ಆಮೇಲೆ ಯಾರೋ ಹೇಳಿದರು, ಕಣ್ಣೂ ಕೆಂಪಾಗಿತ್ತು. ಕಣ್ಣು ಅಳುತ್ತಿದ್ದಾಗ ಕೈ ಗಂಟು ಕಟ್ಟಿತ್ತು, ಅಷ್ಟೆ.

ದೇಚವ್ವ ಅವನನ್ನು ಬೈಯಲಿಲ್ಲ. ‘ಪಾತ್ರೆ ಇಲ್ಲೇ ಇಟ್ಟು ಹೋಗಿ ಭಾವ’ ಎಂದಳು. ‘ನಮ್ಮದನ್ನ ಆನೆ ತುಳೀತು.’

ಚೋಮಿ ತಟ್ಟನೆ ಬೆನ್ನು ತಿರುಗಿಸಿ ನಿಂತಳು. ಅವಳ ಹೆಗಲು ಕುಲುಕುತ್ತಿತ್ತು.

‘ಮಗು?’ ಅಯ್ಯಣ್ಣ ಕೇಳಿದರು.

‘ಬೊಳ್ಳು ನನ್ನ ಜೊತೆ ಇರಲಿ. ಕೊಯ್ಲು ಮುಗಿಸಿ ಇಬ್ಬರೂ ಇಳೀತೀವಿ.’

ಆನೆ ಓಡಾಡುವ ಕಾಡಿನಲ್ಲಿ ಮಗುವೇ ಎಂದು ನೆಂಟರಲ್ಲೊಬ್ಬ ಗೊಣಗಿದ. ಅಯ್ಯಣ್ಣ ಮುರಿದ ಚಪ್ಪರ ನೋಡಿದರು, ನನ್ನನ್ನು ನೋಡಿದರು, ಸೊಸೆಯ ಮುಖವನ್ನು ನೋಡಿದರು. ಎದ್ದು ನಿಲ್ಲಲು ಅವರು ಎರಡು ಸಲ ಪ್ರಯತ್ನಿಸಬೇಕಾಯಿತು.

‘ಸತ್ತವಳನ್ನ ಹೊತ್ತುಕೊಂಡು ಹೋಗೋಕೆ ಬಂದೆ’ ಎಂದರು. ‘ಬದುಕಿದವಳನ್ನ ಎಳೆದುಕೊಂಡು ಹೋಗೋಕಲ್ಲ.’

ಅವರು ಇಳಿದುಹೋದರು. ಬೊಳ್ಳು ಸಂಜೆಯವರೆಗೆ ತಾಯಿಯ ಹತ್ತಿರ ಸುಳಿಯಲಿಲ್ಲ. ನನ್ನ ಬಳಿ ಬಂದು ಕೂತಳು. ನಳಿಗೆಗೆ ಮೂಗು ಇಟ್ಟು ಮದ್ದಿನ ವಾಸನೆ ನೋಡಿ, ‘ಇದೇನಾ ಸುಳ್ಳು ಹೇಳಿದ್ದು?’ ಎಂದಳು. ದೇಚವ್ವ ಹೂಂ ಎಂದು, ಹಿಂದಿನಿಂದ ಬಂದು ಮಗುವನ್ನೂ ನನ್ನನ್ನೂ ಸೇರಿಸಿ ಅಪ್ಪಿಕೊಂಡಳು. ಮಗು ಬಿಡಿಸಿಕೊಳ್ಳಲಿಲ್ಲ.

ಕೊನೆಯ ಕಾಯಿ ಒಣಗಿದ ಮೇಲೆ ತಾಯಿ ಮಗಳು ಮೂಟೆಗಳ ಹಿಂದೆ ನಡೆದು ಊರು ಸೇರಿದರು. ಮಲೆ ಯಾರದೆಂದು ಯಾರೂ ಮತ್ತೆ ಕೇಳಲಿಲ್ಲ. ಮುಂದೆ ಎಷ್ಟೋ ಕೊಯ್ಲುಗಳಿಗೆ ನಾನು ಅದೇ ಕಂಬಕ್ಕೆ ಒರಗಿದೆ. ಏನಾದರೂ ಹೊಡೆಯಬೇಕಾದರೆ ದೇಚವ್ವ ಒಂದು ಗುಂಡು ಹಾರಿಸಿ, ಎಲೆಅಡಿಕೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಕಾದು, ಬೇಕಿದ್ದರೆ ಮಾತ್ರ ಇನ್ನೊಂದು ಹಾರಿಸುತ್ತಿದ್ದಳು. ಅಷ್ಟರಲ್ಲಿ ಪ್ರಾಣಿ ಇರುತ್ತಿರಲಿಲ್ಲ. ಅದಕ್ಕಾಗಿ ಅವಳು ಬೇಸರಪಟ್ಟದ್ದನ್ನು ನಾನು ಕಂಡಿಲ್ಲ.

ಆಮೇಲೆ ಬೇಟೆ ನಿಷೇಧವಾಯಿತು. ಏಲಕ್ಕಿಗೆ ಕಟ್ಟೆರೋಗ ಬಂದು ಗಿಡಗಳು ಸುಕ್ಕುಗಟ್ಟಿ ಸತ್ತವು. ದೇಚವ್ವ ಮುಪ್ಪಿನವರೆಗೂ ಆ ಮಲೆಯನ್ನು ಬಿಟ್ಟುಕೊಡಲಿಲ್ಲ, ವರ್ಷಕ್ಕೊಮ್ಮೆ ಹತ್ತಿ ನೋಡಿ ಬರುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ಮಗಳು ಬೇರೆ ಮನೆತನಕ್ಕೆ ಮದುವೆಯಾಗಿ ಹೋದವಳಾದ್ದರಿಂದ, ಮಲೆ ಬೆಳ್ಯಪ್ಪನ ಮಕ್ಕಳಿಗೆ ಸೇರಿತು. ಬೊಳ್ಳವ್ವನಿಗೆ ತಾಯಿಯ ಒಡವೆಗಳ ಜೊತೆ ನಾನು ಬಂದೆ. ಗೋಣಿಕೊಪ್ಪದ ಅವಳ ಮನೆಯ ಅಲ್ಮೇರಾದಲ್ಲಿ, ರೇಷ್ಮೆ ಸೀರೆಗಳ ಪಕ್ಕ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ನಿಂತಿದ್ದೇನೆ. ನನ್ನ ಬಲ ನಳಿಗೆ ಸವೆದಿದೆ, ಹಾರಿಸಬೇಡಿ ಎಂದು ರಿಪೇರಿಯವನು ಹೇಳಿದ್ದಾನೆ.

ಈಚೆಗೆ ಬೆಳ್ಯಪ್ಪನ ಮೊಮ್ಮಗ ಬೋಪಣ್ಣ ಬಂದಿದ್ದ. ಮಲೆಯಲ್ಲಿ ಅವನು ಡೇರೆಗಳನ್ನು ಹಾಕಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾನೆ. ಬೊಳ್ಳವ್ವನ ಗಂಡ, ಈಗ ಆನೆಗೂ ರೂಮು ಕೊಡುತ್ತೀರಾ ಎಂದು ಚುಡಾಯಿಸಿದರು. ಹುಡುಗ ನಕ್ಕು, ಕೋವಿ ಕೇಳಲು ಬಂದದ್ದು ಎಂದ. ಊಟದ ಮನೆಯ ಗೋಡೆಗೆ ನೇತು ಹಾಕಬೇಕಂತೆ.

‘ಸಂಜೆ ಬೆಂಕಿ ಹಾಕಿ ಬಂದವರಿಗೆ ಕತೆ ಹೇಳ್ತೀವಿ ಅತ್ತೆ. ನಮ್ಮಜ್ಜ ಇದೇ ಕೋವಿಯಿಂದ ಸಲಗ ಓಡಿಸಿದ್ದು. ಎಲ್ಲರಿಗೂ ಭಾಳ ಇಷ್ಟ ಆಗುತ್ತೆ.’

ಬೊಳ್ಳವ್ವ ಅವನನ್ನು ನೋಡಿದಳು. ಹುಡುಗನ ಮುಖದಲ್ಲಿ ಕಪಟವಿರಲಿಲ್ಲ. ಅವನಿಗೆ ಹಾಗೆಂದೇ ಹೇಳಿ ಬೆಳೆಸಿದ್ದರು. ಅವಳು ಎದ್ದು ಅಲ್ಮೇರಾ ತೆರೆದು ನನ್ನನ್ನು ತಂದು ಅವನ ಮುಂದಿನ ಮೇಜಿನ ಮೇಲೆ ಇಟ್ಟಳು. ಅವನು ಹೆಗಲಿಗೆ ಎತ್ತಿ ನೋಡಿದ. ಮೊಣಕೈ ಇಕ್ಕಟ್ಟಾಯಿತು.

‘ತಗೊಂಡು ಹೋಗು’ ಎಂದಳು. ‘ಕೆಳಗೆ ಒಂದು ಹಲಗೆ ಹಾಕು. ಸಲಗ ಓಡಿಸಿದವಳು ದೇಚವ್ವ ಅಂತ ಬರೆಸು. ಅಷ್ಟೇ ಸಾಕು.’

‘ಅತ್ತೆ, ಕ್ಯಾಂಪಿನ ಹೆಸರೇ ಬೆಳ್ಯಪ್ಪಜ್ಜನದು. ಬೋರ್ಡು, ಟೀ ಶರ್ಟು ಎಲ್ಲ ಆಗಿದೆ.’

‘ಹಾಗಾದರೆ ಯೋಚನೆ ಮಾಡಿ ಬಾ. ನನಗೇನೂ ಅವಸರ ಇಲ್ಲ.’

ಅವನು ಮನೆಯಲ್ಲಿ ಕೇಳಿ ಬರುತ್ತೇನೆಂದು ಕಾಫಿ ಕುಡಿದು ಹೋದ. ಬೊಳ್ಳವ್ವ ನನ್ನನ್ನು ಕೂಡಲೆ ಒಳಗಿಡಲಿಲ್ಲ. ಎಣ್ಣೆಯ ಬಟ್ಟೆ ತಂದು, ಅವನ ಬೆರಳುಗಳ ಗುರುತನ್ನು ಬಿಟ್ಟು ಉಳಿದ ಕಡೆಯೆಲ್ಲ ಒರೆಸಿ, ಆಮೇಲೆ ಅದನ್ನೂ ಒರೆಸಿದಳು.

ಕೋವಿಗಳು ಆನೆಗಿಂತ ಹೆಚ್ಚು ಕಾಲ ಬದುಕುತ್ತವೆ, ಮನುಷ್ಯರ ನೆನಪಿಗಿಂತಲೂ. ಆ ಗೋಡೆಗೆ ಹೋಗುವುದಾದರೆ ನನ್ನ ಅಡ್ಡಿಯಿಲ್ಲ. ಬೆಂಕಿಯ ಬೆಳಕು, ಜನರ ಮಾತು ನನಗೂ ಬೇಡವಾಗಿಲ್ಲ. ಆದರೆ ಹಲಗೆಯಿಲ್ಲದೆ ಬೊಳ್ಳವ್ವ ಕಳಿಸುವವಳಲ್ಲ. ಹುಡುಗ ಇನ್ನೂ ಬಂದಿಲ್ಲ.